ನಡೆಯುವವಳ ದಾರ

ಲಾಂಡ್ರಿಯ ಹಿಂದಿನ ಬೀದಿ, ಮಹಡಿ ಮನೆ
ಭಾನುವಾರ, ತಾರೀಖು ಹದಿನೇಳು, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಆಫೀಸಿನಲ್ಲಿ ತಣ್ಣನೆ ಗಾಳಿ ಬಿಡುವ ಯಂತ್ರ ನೇರ ನಿನ್ನ ನೆತ್ತಿಯ ಮೇಲೇ ಇದೆ ಎಂದು ನೀನು ಹೋದ ಪತ್ರದಲ್ಲಿ ಬರೆದಿದ್ದೆ. ಕುರ್ಚಿಯನ್ನು ಎರಡಡಿ ಆಚೆ ಎಳೆದುಕೊಂಡರೆ ಯಾರು ಬೇಡ ಅನ್ನುತ್ತಾರೆ? ಚಿಕ್ಕಂದಿನಿಂದಲೂ ನೀನು ಹಾಗೆಯೇ, ಕೂರಿಸಿದ ಕಡೆ ಕೂತು ಆಮೇಲೆ ಮೂಗು ಸೋರಿಸಿಕೊಂಡು ಬರುವವನು. ಬಿಸಿನೀರು ಕುಡಿ, ಕತ್ತಿಗೆ ಏನಾದರೂ ಸುತ್ತಿಕೋ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಕಿವಿ ಇನ್ನೂ ಸ್ವಲ್ಪ ಮಂದವಾಗಿದೆ, ಬಾಯಿ ಅಷ್ಟೇ ಚುರುಕಾಗಿದೆ. ಕೆಳಗಿನ ಮನೆಯವಳ ಹತ್ತಿರ ದಿನಕ್ಕೊಂದು ಸಲವಾದರೂ ‘ನಮ್ಮ ಹುಡುಗ ಮೇಲಿನ ಆಫೀಸಲ್ಲಿದ್ದಾನೆ, ಅವನು ಹೇಳಿದ ಹಾಗೇ ಲಾಂಡ್ರಿ ನಡೆಯೋದು’ ಎಂದು ಕೊಚ್ಚಿಕೊಳ್ಳುತ್ತಾಳೆ. ಮೊದಲೆಲ್ಲ ಅದನ್ನು ಕೇಳಿ ನನಗೆ ನಗು ಬರುತ್ತಿತ್ತು. ನೀನು ಕಳಿಸಿದ ಕೈಗೆ ಹಚ್ಚುವ ಕ್ರೀಮು ತಲುಪಿತು. ಉಗಿಗೆ ಬಿರಿದ ಕೈ ಮೆತ್ತಗಾಗುತ್ತದೆ ಎಂದು ಬರೆದಿದ್ದೀಯ. ಡಬ್ಬಿ ಇನ್ನೂ ತೆರೆದಿಲ್ಲ. ಯಾಕೆಂದು ಈ ಪತ್ರ ಓದಿ ಮುಗಿಸುವಷ್ಟರಲ್ಲಿ ನಿನಗೇ ತಿಳಿಯುತ್ತದೆ.

ವಿಷಯಕ್ಕೆ ಬರುತ್ತೇನೆ. ಈ ಮೂವತ್ತನೇ ತಾರೀಖಿಗೆ ನಮ್ಮ ಮೂಲೆಯಕ್ಕನನ್ನು ಕೆಲಸದಿಂದ ಕಳಿಸುತ್ತಿದ್ದಾರೆ. ನನ್ನ ಜೋಡಿ ಮೂಲೆಯಕ್ಕನೇ. ಹತ್ತೊಂಬತ್ತು ವರ್ಷ ಒಂದೇ ಬೆಡ್‌ಶೀಟಿನ ಆ ತುದಿ ಹಿಡಿದವಳು. ಹರಿದ ಬೆಡ್‌ಶೀಟಿನ ಗಟ್ಟಿ ಅಂಚುಗಳನ್ನು ಕೂಡಿಸಿ ನಿನ್ನ ಮೊದಲ ಶಾಲೆಯ ಚೀಲ ಹೊಲಿದುಕೊಟ್ಟವಳು. ಅವಳ ಕೈಯಲ್ಲಿ ಮಡಿಸಿದ ಬಟ್ಟೆಯ ನಾಲ್ಕು ಮೂಲೆ ಒಂದರ ಮೇಲೊಂದು ಕೂತರೆ ನಡುವೆ ಉಗುರು ತೂರಿಸಲೂ ಜಾಗವಿರುವುದಿಲ್ಲ, ಅದಕ್ಕೇ ಆ ಹೆಸರು. ಅವಳಿಗೆ ಮನೆಯಲ್ಲಿ ಯಾರೂ ಇಲ್ಲ. ಬೆಳಿಗ್ಗೆ ಆರೂವರೆಗೆ ಏಪ್ರನ್ ಕಟ್ಟಿಕೊಂಡು ಬರುವುದೊಂದೇ ಅವಳಿಗಿರುವ ಊರು, ಕೇರಿ, ಬಳಗ ಎಲ್ಲ. ಅವಳನ್ನು ಉಳಿಸುವುದಕ್ಕೆ ನನ್ನ ಕೈಯಲ್ಲಿ ಹದಿಮೂರು ದಿನಗಳಿವೆ. ಹೇಗೆ ಇಲ್ಲಿಗೆ ಬಂದು ನಿಂತೆವು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ನಿನಗೆ ಇದರಲ್ಲಿ ಅರ್ಧ ಗೊತ್ತಿರುವುದೇ. ಆದರೂ ಪೂರ್ತಿ ಓದು, ಹಾಳೆ ಹಾರಿಸಬೇಡ.

ನಮ್ಮ ಮಡಿಸುವ ಕೋಣೆ ನಿನಗೆ ನೆನಪಿರಲಿಕ್ಕಿಲ್ಲ. ನೀನು ಅಲ್ಲಿಗೆ ಕೊನೆಯ ಸಲ ಬಂದದ್ದು ಹನ್ನೆರಡು ವರ್ಷದವನಿದ್ದಾಗ, ಅದೂ ಮನೆಯ ಬೀಗದಕೈ ಕಳೆದುಕೊಂಡು. ಎರಡು ಉದ್ದನೆಯ ಮೇಜು. ಕಿಟಕಿಯ ಪಕ್ಕದ್ದು ನಮ್ಮದು, ಗೋಡೆಯ ಪಕ್ಕದ್ದು ಅವರದು. ಮೇಜಿಗೆ ಎಂಟು ಜನ, ನಾಲ್ಕು ಜೋಡಿ. ಮೂರು ಆಸ್ಪತ್ರೆಗಳ ಬಟ್ಟೆ ತೊಳೆದು, ಒಣಗಿ, ಬಿಸಿ ರೋಲರಿನಿಂದ ನಮ್ಮ ಮೇಜಿಗೆ ಬರುತ್ತದೆ. ದಿಂಬಿನ ಕವರನ್ನು ಒಬ್ಬಳೇ ಮಡಿಸಬಹುದು. ಬೆಡ್‌ಶೀಟಿಗೆ ಇಬ್ಬರು ಬೇಕೇ ಬೇಕು. ಇಬ್ಬರೂ ಎರಡು ತುದಿ ಹಿಡಿದು ಒಮ್ಮೆ ಪಟ್ಟನೆ ಒದರಿ, ಉದ್ದಕ್ಕೆ ಎರಡು ಸಲ ಮಡಿಸಿ, ಆಮೇಲೆ ಒಬ್ಬಳು ತನ್ನ ತುದಿ ಹಿಡಿದುಕೊಂಡು ಇನ್ನೊಬ್ಬಳ ಹತ್ತಿರ ನಡೆದು ಬರುತ್ತಾಳೆ. ನಡೆಯುವವಳು ಮೂಲೆಗಳನ್ನು ಕೊಟ್ಟು ಹಿಂದೆ ಸರಿಯುತ್ತಾಳೆ. ಹಿಡಿಯುವವಳು ಉಳಿದದ್ದನ್ನು ಮೇಜಿನ ಮೇಲೆ ಒತ್ತಿ ಮಡಿಸಿ ಕಟ್ಟಿಗೆ ಸೇರಿಸುತ್ತಾಳೆ. ಹನ್ನೊಂದು ವರ್ಷದ ಹಿಂದೆ ಮೂಲೆಯಕ್ಕನ ಬಲಗೈ ಮಣಿಕಟ್ಟು ಊದಿಕೊಂಡಿತು, ಒತ್ತಿ ಮಡಿಸಿದರೆ ಪ್ರಾಣ ಹೋದ ಹಾಗಾಗುತ್ತಿತ್ತು. ಅಂದಿನಿಂದ ಅವಳು ನಡೆಯುವವಳು, ನಾನು ಹಿಡಿಯುವವಳು. ‘ನಿನ್ನ ಕೈಗೆ ನನ್ನ ಕಾಲು’ ಎನ್ನುತ್ತಿದ್ದಳು. ನೀನು ಓದಲು ಹಾಸ್ಟೆಲಿಗೆ ಹೋದದ್ದೂ ಆ ವರ್ಷವೇ, ಅಂದಿನಿಂದ ಇದನ್ನೆಲ್ಲ ನಿನಗೆ ಎಷ್ಟು ಪತ್ರದಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ. ಅವಳು ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆದದ್ದನ್ನು ನೆಟ್ಟಗೆ ಮಾಡಿದರೆ ನಿನ್ನ ಊರಿಗೆ ಬಂದು ನಿನ್ನ ಕಿವಿ ಹಿಂಡಿ ವಾಪಸು ಬರಬಹುದು ಎಂದು ಒಮ್ಮೆ ತಮಾಷೆ ಮಾಡಿದ್ದೆ.

ಎರಡು ವರ್ಷದ ಹಿಂದೆ ನಮ್ಮ ಮೇಲ್ವಿಚಾರಕ ಮೊದಲ ಪೈಪೋಟಿ ತಂದ. ಮಾತಾಡುವ ಮುಂಚೆ ಜೇಬಿನಿಂದ ಸಣ್ಣ ಗಂಟೆ ತೆಗೆದು ಅಲ್ಲಾಡಿಸುತ್ತಾನಲ್ಲ, ಅದಕ್ಕೆ ಅವನನ್ನು ಗಂಟೆ ಎಂದೇ ಕರೆಯುತ್ತೇವೆ. ಪೈಪೋಟಿ ಸರಳವಾಗಿತ್ತು. ವಾರದಲ್ಲಿ ಯಾವ ಮೇಜು ಹೆಚ್ಚು ಕಟ್ಟು ಮಡಿಸುತ್ತದೋ ಆ ಮೇಜಿನ ಎಂಟೂ ಜನ ಶನಿವಾರ ಮಧ್ಯಾಹ್ನವೇ ಮನೆಗೆ. ತಮ್ಮಾ, ಅಂಥ ದಿನಗಳು ಮತ್ತೆ ಬರಲಿಕ್ಕಿಲ್ಲ. ಕೈ ಚುರುಕಿದ್ದವಳು ನಿಧಾನದವಳಿಗೆ ಹೇಳಿಕೊಡುತ್ತಿದ್ದಳು. ಒಬ್ಬಳಿಗೆ ಜ್ವರ ಬಂದರೆ ಅವಳ ಪಾಲಿನದನ್ನು ಏಳು ಜನ ಹಂಚಿಕೊಳ್ಳುತ್ತಿದ್ದರು, ಯಾರ ಬಾಯಿಂದಲೂ ಒಂದು ಗೊಣಗು ಇಲ್ಲ. ಮೂಲೆಯಕ್ಕನಿಗೆ ಭಾರದ ಕಂಬಳಿ ಬಂದರೆ ಯಾರಾದರೂ ಸದ್ದಿಲ್ಲದೆ ಎಳೆದುಕೊಳ್ಳುತ್ತಿದ್ದರು. ನಾವು ನಾಲ್ಕೈದು ವಾರ ಸಾಲಾಗಿ ಗೆದ್ದೆವು. ಆಗ ಗೋಡೆ ಮೇಜಿನವರು ಕೈ ಚೆಲ್ಲಿದರು. ಹೇಗೂ ಸೋಲು ನಮ್ಮದೇ, ಬೆವರಾದರೂ ಉಳಿಸೋಣ ಎಂದು ಆರಾಮಾಗಿ ಕಥೆ ಹೇಳಿಕೊಂಡು ಮಡಿಸತೊಡಗಿದರು. ಅವರು ಕೈ ಚೆಲ್ಲಿದ್ದು ನೋಡಿ ನಾವೂ ಸಡಿಲವಾದೆವು. ಗುರುವಾರದ ಹೊತ್ತಿಗೆ ಗೆಲುವು ಖಾತ್ರಿಯಾದರೆ ಶುಕ್ರವಾರ ಒಣಗಿದ ಬೆಡ್‌ಶೀಟನ್ನು ಮುಟ್ಟಿ ನೋಡಿ, ‘ಇದಕ್ಕೆ ನೆಗಡಿ’ ಎಂದು ಮುಖ ಗಂಟು ಹಾಕಿ, ಒಣಗಿಸುವ ಮೆಷಿನ್ನಿಗೆ ವಾಪಸು ಕಳಿಸುತ್ತಿದ್ದೆವು. ಅದು ಮತ್ತೆ ಬರುವವರೆಗೆ ಕಾಲು ಚಾಚಿ ಕೂರಬಹುದಲ್ಲ. ನೆಗಡಿ ಎಂದರೆ ಏನೆಂದು ಕೋಣೆಯ ಹೊರಗೆ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ, ನಿನ್ನೊಬ್ಬನ ಹೊರತು. ನಿನಗೆ ಬರೆದೆ. ನೀನು ಒಬ್ಬನೇ ಇದ್ದೀಯ, ಓದಿ ಒಂದಿಷ್ಟು ನಗಲಿ ಎಂದು ಬರೆದೆ. ‘ಅಕ್ಕಾ, ಇಂಥದ್ದನ್ನು ಇನ್ನೂ ಬರಿ, ತುಂಬಾ ಚೆನ್ನಾಗಿದೆ’ ಎಂದು ನೀನು ಉತ್ತರ ಹಾಕಿದೆ. ನಾನು ದಡ್ಡಿ, ನನ್ನ ಬರವಣಿಗೆ ಚೆನ್ನಾಗಿದೆ ಎಂದುಕೊಂಡು ಉಬ್ಬಿಹೋದೆ.

ಎರಡೂವರೆ ತಿಂಗಳ ಹಿಂದೆ ಒಂದು ಸೋಮವಾರ ಗಂಟೆ ತನ್ನ ಗಂಟೆ ಬಾರಿಸಿ ನಮ್ಮೆಲ್ಲರನ್ನೂ ಸೇರಿಸಿದ. ಕೈಯಲ್ಲಿ ಮೇಲಿನ ಆಫೀಸಿನಿಂದ ಬಂದ ನಾಲ್ಕು ಹಾಳೆ. ಮಡಿಸುವ ಕೋಣೆಯ ಬಗ್ಗೆ ಯಾರೋ ಆಳವಾಗಿ ಅಧ್ಯಯನ ಮಾಡಿದ್ದಾರೆ, ಅದರ ಮೇಲೆ ಹೊಸ ಪೈಪೋಟಿ ಬಂದಿದೆ ಎಂದು ಓದತೊಡಗಿದ. ಗುಂಪಿನ ಬಹುಮಾನವನ್ನು ಗುಂಪಿಗೇ ಹಂಚಿದಾಗ ಒಬ್ಬರ ಬೆವರಿನ ನೆರಳಲ್ಲಿ ಇನ್ನೊಬ್ಬರು ಕೂರುತ್ತಾರೆ ಎಂದಿತ್ತು. ಒಂದು ಗುಂಪು ಬಹಳ ಮುಂದಿದ್ದರೆ ಎರಡೂ ಗುಂಪು ಕೈ ಸಡಿಲ ಬಿಡುತ್ತವೆ ಎಂದಿತ್ತು. ಅಷ್ಟರವರೆಗೆ ನಾನೂ ತಲೆಯಾಡಿಸುತ್ತಲೇ ಇದ್ದೆ, ಯಾರೋ ಬಲ್ಲವರು ಬರೆದಿದ್ದಾರೆ ಎಂದು. ಆಮೇಲೆ ಅವನು ಓದಿದ: ಕಿಟಕಿ ಮೇಜಿನವರು ಒಣಗಿದ ಬಟ್ಟೆಯನ್ನು ನೆಗಡಿ ಎಂಬ ಗುಟ್ಟಿನ ಮಾತಿನಿಂದ ವಾಪಸು ಕಳಿಸಿ ಕಾಲ ಕಳೆಯುತ್ತಾರೆ. ನಮ್ಮ ಮೇಜಿನ ಉಳಿದ ಏಳು ಜನ ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಮಾತ್ರ ಯಾರ ಮುಖ ನೋಡುವ ಅಗತ್ಯವೂ ಇರಲಿಲ್ಲ. ಮುಂದಿನ ಸಾಲು ಇನ್ನೂ ಕೆಟ್ಟದಾಗಿತ್ತು: ಕೈ ನೋವಿನ ಒಬ್ಬ ಹಿರಿಯ ಕೆಲಸಗಾರ್ತಿಯ ಭಾರವನ್ನು ಇಡೀ ಮೇಜು ಹೊರುತ್ತಿದೆ. ನಾನು ಭಾರ ಎಂದು ಬರೆದಿರಲಿಲ್ಲ, ತಮ್ಮಾ. ಅವಳ ಪಾಲಿನದನ್ನು ಹಂಚಿಕೊಳ್ಳುತ್ತೇವೆ ಎಂದು ಬರೆದಿದ್ದೆ. ಉಳಿದದ್ದೆಲ್ಲ ನನ್ನ ಮಾತು, ಆ ಒಂದು ಪದ ಮಾತ್ರ ನಿನ್ನದು. ಕೊನೆಯ ಹಾಳೆಯ ಕೆಳಗೆ ಶಾಲೆಯಲ್ಲಿ ಬರೆಸಿದ ನಿನ್ನ ಹೆಸರು, ಹೊಸ ಹುದ್ದೆ ಎರಡೂ ಅಚ್ಚಾಗಿದ್ದವು. ಆ ಹೆಸರು ನಮ್ಮ ಮೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಅವರಿಗೆಲ್ಲ ನೀನು ಈಗಲೂ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ತಿರುಗುತ್ತಿದ್ದ ಪೆನ್ಸಿಲ್ಲು. ‘ಒಂದು ಅಧ್ಯಯನ ಮಾಡಿದ್ದೆ ಅಕ್ಕಾ, ಮೇಲಿನವರು ಮೆಚ್ಚಿ ಬಡ್ತಿ ಕೊಟ್ಟರು’ ಎಂದು ನೀನು ಬರೆದಾಗ ಅಮ್ಮನಿಗೆ ಕೂಗಿ ಕೂಗಿ ಓದಿ ಹೇಳಿದವಳು ನಾನೇ.

ನಿನ್ನ ಆರು ನಿಯಮಗಳನ್ನು ನಿನಗೇ ಓದಿ ಹೇಳಬೇಕಾಗಿ ಬಂದದ್ದು ನನ್ನ ಹಣೆಬರಹ. ಗೋಡೆ ಮೇಜಿಗೆ ದಿನವೂ ಅರ್ಧ ಗಂಟೆಯ ಮುನ್ನಡೆ, ಎರಡು ಮೇಜೂ ಸಮಸಮವಾಗಿ ಓಡಲಿ ಎಂದು. ಅದು ಒಳ್ಳೆಯದೇ, ಅವರು ಮತ್ತೆ ಎದ್ದು ಕೂತರು. ಎರಡನೆಯದು, ಪ್ರತಿಯೊಬ್ಬಳಿಗೂ ಒಂದು ಬಣ್ಣದ ದಾರ. ಮಡಿಸಿ ಮುಗಿಸಿದವಳು ತನ್ನ ದಾರ ಕಟ್ಟಬೇಕು, ದಾರ ಯಾರದೋ ಎಣಿಕೆ ಅವರದು. ಮೂರನೆಯದು, ಗೆದ್ದ ಮೇಜಿನ ಮೊದಲಿನವಳು ಆ ಮೇಜಿನ ಯಜಮಾನಿ, ಕೂತು ಮಾಡುವ ಕೆಲಸ. ನಾಲ್ಕನೆಯದು, ಹದಿನಾರು ಜನರ ಪಟ್ಟಿಯಲ್ಲಿ ಕೊನೆಯವಳು ಮನೆಗೆ. ಐದನೆಯದು ತಕರಾರಿನ ಬಗ್ಗೆ, ಆರನೆಯದು ಕಳ್ಳ ದಾರದ ಬಗ್ಗೆ. ಅವೆರಡನ್ನೂ ಆವತ್ತು ಯಾರೂ ಕಿವಿಗೊಟ್ಟು ಕೇಳಲಿಲ್ಲ. ಎಲ್ಲರ ತಲೆಯಲ್ಲೂ ಕೊರೆಯುತ್ತಿದ್ದದ್ದು ನೆಗಡಿಯ ಗುಟ್ಟು ಹೊರಗೆ ಹಾಕಿದವಳು ಯಾರು ಎಂಬುದೇ. ಮೇಜಿಗೆ ಹೊಸದಾಗಿ ಸೇರಿದ್ದ, ಹೆಚ್ಚು ಮಾತಾಡದ ಒಬ್ಬಳ ಮೇಲೆ ಅನುಮಾನ ಬಿತ್ತು. ಎರಡು ವಾರ ಅವಳ ಜೊತೆ ಯಾರೂ ಊಟಕ್ಕೆ ಕೂರಲಿಲ್ಲ. ನಾನೂ ಕೂರಲಿಲ್ಲ. ಬಾಯಿ ಬಿಟ್ಟರೆ ನಿನ್ನ ಹೆಸರು ಬರುತ್ತಿತ್ತು, ನಿನ್ನ ಹೆಸರಿನ ಹಿಂದೆಯೇ ನನ್ನದು ಬರುತ್ತಿತ್ತು.

ಆಮೇಲಿನ ಎಂಟು ವಾರ ಏನು ನಡೆಯಿತೆಂದು ನಿನ್ನ ಅಧ್ಯಯನದಲ್ಲಿ ಬರುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಮೊದಲ ಎರಡು ವಾರ ಎಲ್ಲರೂ ಮೈಮೇಲೆ ಬಂದವರ ಹಾಗೆ ಮಡಿಸಿದೆವು. ಗಂಟೆಗೆ ಹಿಗ್ಗೋ ಹಿಗ್ಗು. ಮೂರನೇ ವಾರ ಎಲ್ಲರಿಗೂ ಜ್ಞಾನೋದಯವಾಯಿತು: ದಿಂಬಿನ ಕವರಿಗೂ ಒಂದೇ ದಾರ, ಬೆಡ್‌ಶೀಟಿಗೂ ಒಂದೇ ದಾರ. ಟ್ರಾಲಿ ಬಂದ ಕೂಡಲೇ ದಿಂಬಿನ ಕವರುಗಳಿಗೆ ಮುಗಿಬಿದ್ದೆವು, ಎಳೆದಾಡಿ ಎರಡು ಹರಿದೂ ಹೋದವು. ಬೆಡ್‌ಶೀಟಿನ ರಾಶಿ ಕಿಟಕಿಯವರೆಗೆ ಬೆಳೆಯಿತು. ಆಸ್ಪತ್ರೆಯಿಂದ ಫೋನು, ಹಾಸಿಗೆಗೆ ಹಾಸಲು ಒಂದು ಬಟ್ಟೆ ಇಲ್ಲ, ದಿಂಬಿನ ಕವರು ಮಾತ್ರ ಮುಂದಿನ ವರ್ಷಕ್ಕಾಗುವಷ್ಟು ಬಂದಿದೆ ಎಂದು. ಗಂಟೆ ಮುಖ ಕೆಂಪಗೆ ಮಾಡಿಕೊಂಡು ಬಂದು, ಇನ್ನು ಬೆಡ್‌ಶೀಟಿಗೆ ಮಾತ್ರ ಎಣಿಕೆ ಎಂದ. ಅಲ್ಲಿಗೆ ಅಸಲಿ ಜಗಳ ಶುರುವಾಯಿತು. ಬೆಡ್‌ಶೀಟಿಗೆ ಇಬ್ಬರು ಬೇಕು, ದಾರ ಒಂದೇ. ನಡೆದು ಬಂದು ಮೂಲೆ ಕೊಟ್ಟವಳಿಗೆ ಏನೂ ಇಲ್ಲ, ಹಿಡಿದು ಮುಗಿಸಿದವಳಿಗೆ ದಾರ. ಹಾಗಾಗಿ ನಡೆಯುವುದಕ್ಕೆ ಯಾರೂ ತಯಾರಿಲ್ಲ. ಇಬ್ಬರೂ ತುದಿ ಹಿಡಿದು ನೀನು ಬಾ, ನೀನು ಬಾ ಎಂದು ದೂರದಲ್ಲೇ ನಿಂತಿರುವುದನ್ನು ನೀನು ನೋಡಬೇಕಿತ್ತು. ನಮ್ಮ ಮೇಜಿನ ತಾಯಿ ಮಗಳ ಜೋಡಿ ಇದೆಯಲ್ಲ, ಅವರು ಒಂದು ಇಡೀ ಬೆಳಿಗ್ಗೆ ಮಾತು ಬಿಟ್ಟರು. ಒಬ್ಬಳು ಇನ್ನೊಬ್ಬಳ ದಾರದ ಉಂಡೆ ಬಚ್ಚಿಟ್ಟಳು. ಹೊಸಬಳಿಗೆ ಮಡಿಕೆಯನ್ನು ಬೇಕೆಂದೇ ತಪ್ಪಾಗಿ ಹೇಳಿಕೊಟ್ಟರು. ಗೋಡೆ ಮೇಜಿನ ಕಥೆಯೂ ಇದೇ. ಎಂಟನೇ ವಾರಕ್ಕೆ ಎರಡೂ ಮೇಜು ಸೇರಿ ಮಡಿಸಿದ್ದು, ನಾವು ನಗಾಡಿಕೊಂಡು, ನೆಗಡಿ ಎಂದು ಕಾಲು ಚಾಚಿ ಮಡಿಸುತ್ತಿದ್ದದ್ದಕ್ಕಿಂತ ಕಡಿಮೆ. ಗಂಟೆಯೇ ಆ ಸಂಖ್ಯೆ ಓದುವಾಗ ದನಿ ಇಳಿಸಿದ.

ನಾನೂ ಮೂಲೆಯಕ್ಕನೂ ಮೊದಲ ದಿನವೇ ಮಾತಾಡಿಕೊಂಡಿದ್ದೆವು. ಒಂದು ನಿನ್ನ ದಾರ, ಒಂದು ನನ್ನ ದಾರ, ಸರದಿ ತಪ್ಪುವುದಿಲ್ಲ. ಮಣಿಕಟ್ಟು ನೋಯುತ್ತದಲ್ಲ ಎಂದರೆ, ‘ನೋಯ್ಲಿ ಬಿಡು, ಎಂಟು ವಾರ ತಾನೆ’ ಎಂದಳು. ಬಟ್ಟೆ ಸುತ್ತಿಕೊಂಡು ಬಂದಳು. ಅವಳದು ನೀಲಿ ದಾರ, ನನ್ನದು ಕೆಂಪು. ಇನ್ನು ಬರೆಯುವುದು ನನಗೆ ಕಷ್ಟವಾಗುತ್ತಿದೆ, ಆದರೆ ಬರೆಯದೆ ಬಿಡುವುದಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಸರದಿ ಸರಿಯಾಗಿ ನಡೆಯುತ್ತಿತ್ತು. ಆಮೇಲೆ ಕೈಗೆ ಲಯ ಹತ್ತಿ, ತಲೆ ಬೇರೆ ಕಡೆ ಹೋದ ಕೂಡಲೇ ಅವಳ ಕಾಲು ತಾವಾಗಿ ನಡೆಯುತ್ತಿದ್ದವು. ಹನ್ನೊಂದು ವರ್ಷ ನಡೆದ ಕಾಲುಗಳು ನಿಯಮದ ಹಾಳೆ ಓದಿರಲಿಲ್ಲ. ತನ್ನ ಸರದಿ ಬಂದಾಗಲೂ ಅವಳೇ ನಡೆದು ಬಂದು ನನ್ನ ಕೈಯಲ್ಲಿ ಮೂಲೆ ಇಟ್ಟು, ಏನೋ ಹಳೆಯ ಮಾತು ಹೇಳಿಕೊಂಡು ಹಿಂದೆ ಸರಿಯುತ್ತಿದ್ದಳು. ಅವಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು. ಮೊದಲ ದಿನ ಮೂರು ನಾಲ್ಕು ಸಲ ಹೇಳಿದೆ. ಆಮೇಲೆ ಹೇಳಲಿಲ್ಲ. ಯಜಮಾನಿಯಾದರೆ ಕೂತು ಮಾಡುವ ಕೆಲಸ, ಸೊಂಟಕ್ಕೆ ಆರಾಮ, ಅಮ್ಮನನ್ನು ನೋಡಿಕೊಳ್ಳಲು ಮೈಯಲ್ಲಿ ಕಸುವಾದರೂ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಪಕ್ಕದವರು ಮುಂದೆ ಹೋಗುತ್ತಿದ್ದಾರಲ್ಲ ಎಂಬ ಉರಿ ಬೇರೆ. ಕೆಂಪು ದಾರ ಕಟ್ಟಿದೆ. ಮತ್ತೆ ಕಟ್ಟಿದೆ. ಹತ್ತೊಂಬತ್ತು ವರ್ಷದ ಗೆಳತಿ ನನ್ನೆದುರಿಗೇ ನಡೆದು ನಡೆದು ಪಟ್ಟಿಯ ಕೊನೆಗೆ ಇಳಿಯುತ್ತಿದ್ದರೆ ನಾನು ನೋಡುತ್ತಾ ದಾರ ಕಟ್ಟಿದೆ.

ನಿನ್ನೆ ಶನಿವಾರ ಪಟ್ಟಿ ಹಾಕಿದರು. ಗೆದ್ದದ್ದು ನಮ್ಮ ಮೇಜು. ಹದಿನಾರರಲ್ಲಿ ಮೊದಲನೆಯವಳು ನಾನು, ಹದಿನಾರನೆಯವಳು ಮೂಲೆಯಕ್ಕ. ಅವಳು ಪಟ್ಟಿಯನ್ನು ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದಳು. ಮೊದಲು ನನ್ನ ಹೆಸರು ಸಿಕ್ಕಿತು, ನನ್ನ ಕೆನ್ನೆ ಹಿಂಡಿ ನಕ್ಕಳು. ಆಮೇಲೆ ತನ್ನದನ್ನು ಹುಡುಕುತ್ತಾ ಹುಡುಕುತ್ತಾ ಕೆಳಗೆ ಹೋದಳು. ಬೆರಳು ಕೊನೆಯಲ್ಲಿ ನಿಂತಿತು. ‘ನನ್ನ ಕೈ ಅಷ್ಟೊಂದು ಕೆಟ್ಟುಹೋಗಿದೆಯಾ?’ ಎಂದಳು. ಅಷ್ಟೇ. ತನ್ನ ಕೈಯನ್ನೇ ಬೈದುಕೊಂಡಳು, ತಮ್ಮಾ. ಏಪ್ರನ್ ಮಡಿಸಿ ಇಡುವಾಗ, ನಾಲ್ಕೂ ಮೂಲೆ ಕೂರಿಸಿ ಮಡಿಸುತ್ತಾ, ‘ಪೆನ್ಸಿಲ್ಲು ಮೇಲಿನ ಆಫೀಸಲ್ಲಿದ್ದಾನಲ್ಲ, ಅವನಿಗೆ ನನ್ನ ವಿಷಯ ಒಂದು ಮಾತು ಬರೀತೀಯಾ? ಒಳ್ಳೇ ಹುಡುಗ, ನಮ್ಮನ್ನ ಮರೆಯೋನಲ್ಲ’ ಎಂದಳು. ಬರೆಯುತ್ತೇನೆ ಎಂದೆ. ಕೊಟ್ಟ ಮಾತಿನಂತೆ ಬರೆಯುತ್ತಿದ್ದೇನೆ.

ಈಗ ನನಗೆ ಎಷ್ಟು ಸಿಟ್ಟು ಬಂದಿದೆ ಎಂದು ಬಿಚ್ಚಿ ಹೇಳಿಬಿಡುತ್ತೇನೆ. ನೀನು ಮೋಸ ಮಾಡಿದೆ. ಪರರು ಮಾಡಿದ್ದರೆ ಬೈದು ಮರೆಯುತ್ತಿದ್ದೆ. ನೀನು ನನ್ನ ಪತ್ರಗಳನ್ನು ಅಕ್ಕನ ಪತ್ರ ಎಂದು ಓದಲೇ ಇಲ್ಲ. ನಾನು ಅಮ್ಮನ ಕಾಲುನೋವು ಬರೆದಾಗ ಹಾರಿಸಿ, ಮಡಿಸುವ ಕೋಣೆಯ ವಿಷಯ ಬಂದಲ್ಲಿ ಗೆರೆ ಎಳೆದುಕೊಂಡಿರಬೇಕು. ನಾನು ನಂಬಿ ಹೇಳಿದ್ದನ್ನು ನೀನು ನೋಡಿ ಕಲಿತದ್ದೆಂದು ಮೇಲಿನವರ ಮುಂದಿಟ್ಟೆ. ತಿಂಗಳುಗಟ್ಟಲೆ ಕೋಣೆಯಲ್ಲಿ ನಿಂತು ಗಮನಿಸಲಾಗಿದೆ ಎಂದು ಮೊದಲ ಹಾಳೆಯಲ್ಲೇ ಇದೆಯಲ್ಲ, ಯಾವ ತಿಂಗಳು ನಿಂತಿದ್ದೆ ಮಹರಾಯ? ನಿಂತಿದ್ದರೆ ನೋಡುತ್ತಿದ್ದೆ, ಬೆಡ್‌ಶೀಟಿಗೆ ಇಬ್ಬರು ಬೇಕು. ಮೇಜಿಗೂ ಮೇಜಿಗೂ ಪೈಪೋಟಿ ಹಚ್ಚಿದರೆ ಮೇಜಿನೊಳಗೆ ನಾವು ಒಂದಾಗುತ್ತೇವೆ, ಮೇಜಿನೊಳಗೇ ಹಚ್ಚಿದರೆ ಆಚೆ ಮೇಜು ಮರೆತೇ ಹೋಗುತ್ತದೆ ಎಂಬುದು ಇಲ್ಲಿ ನೆಲ ಒರೆಸುವವಳಿಗೂ ಗೊತ್ತು. ಹಾಗೆಂದು ಎಲ್ಲವನ್ನೂ ನಿನ್ನ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳುವುದಿಲ್ಲ. ನಿಯಮ ನೀನು ಬರೆದೆ, ದಾರ ನಾನು ಕಟ್ಟಿದೆ. ಯಾಕೆ ಮಂಕಾಗಿದ್ದೀಯ ಎಂದು ಅಮ್ಮ ಕೇಳಿದಳು. ತಲೆನೋವು ಎಂದೆ. ಕೂಗಿ ಹೇಳಬೇಕಲ್ಲ, ಅಷ್ಟು ಜೋರಾಗಿ ಹೇಳುವಂಥ ವಿಷಯವಲ್ಲ ಇದು.

ಇಷ್ಟು ಬೈದ ಮೇಲೂ ಕೈ ತಾನಾಗಿ ಆರೋಗ್ಯ ನೋಡಿಕೋ ಎಂದು ಬರೆಯಲು ಹೋಗುತ್ತಿದೆ, ಏನು ಮಾಡುವುದು. ಕೆಮ್ಮು ಹೆಚ್ಚಾದರೆ ಡಾಕ್ಟರಿಗೆ ತೋರಿಸು, ಸೋಮಾರಿತನ ಮಾಡಬೇಡ. ಅಮ್ಮ ನಿನ್ನ ತಲೆ ಸವರಿದ್ದೇನೆಂದು ಬರಿ ಎಂದಿದ್ದಾಳೆ, ಸವರಿದ್ದಾಳೆಂದು ತಿಳಿದುಕೋ. ಮೂಲೆಯಕ್ಕನೂ ನಿನಗೆ ಆಶೀರ್ವಾದ ತಿಳಿಸು ಎಂದಿದ್ದಾಳೆ. ಅದನ್ನು ಹೇಗೆ ತೆಗೆದುಕೊಳ್ಳುತ್ತೀಯೋ ನಿನಗೆ ಬಿಟ್ಟದ್ದು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಅಕ್ಕ

ಅವಸರದಲ್ಲಿ ಇನ್ನೊಂದು ಮಾತು, ಇದು ನಾಳೆ ಮೊದಲ ಅಂಚೆಗೇ ಹೋಗಬೇಕು. ನಿನ್ನೆ ಸಂಜೆ ಗಂಟೆಯ ಹತ್ತಿರ ಹೋಗಿ, ನನ್ನ ಕೆಂಪು ದಾರಗಳಲ್ಲಿ ಅರ್ಧ ಅವಳವು ಎಂದು ಹೇಳಿದೆ. ಅವನು ಐದನೇ ನಿಯಮ ತೋರಿಸಿದ: ಪೈಪೋಟಿ ಮುಗಿದ ಮೇಲೆ ಗೆಳತಿಯ ಪರವಾಗಿ ಯಾರು ಏನು ಬೇಕಾದರೂ ಹೇಳಬಹುದು, ಪೈಪೋಟಿಗೆ ಮುಂಚೆ ಬರೆದಿಟ್ಟ ಕಾಗದವಿದ್ದರೆ ಮಾತ್ರ ತಕರಾರು ನಡೆಯುತ್ತದೆ. ಅವಳು ನಡೆಯುವವಳು, ನಾನು ಹಿಡಿಯುವವಳು, ನಮ್ಮ ಜೋಡಿಯ ಪ್ರತಿ ಬೆಡ್‌ಶೀಟೂ ಇಬ್ಬರದು ಎಂದು ಬರೆದಿಟ್ಟ ಕಾಗದ ಲೋಕದಲ್ಲಿ ಒಂದೇ ಕಡೆ ಇದೆ, ನಿನ್ನ ಹತ್ತಿರ. ನಾನು ಹನ್ನೊಂದು ವರ್ಷದಿಂದ ನಿನಗೆ ಬರೆದ ಪತ್ರಗಳು. ಅವನ್ನು ಮೂವತ್ತರೊಳಗೆ ಗಂಟೆಯ ಹೆಸರಿಗೆ ಕಳಿಸು, ನಕಲು ಬೇಡ, ಪತ್ರಗಳೇ ಬರಲಿ. ಅವು ಬಂದರೆ ನಿನ್ನ ಅಧ್ಯಯನ ಯಾರದ್ದೆಂದು ಎಲ್ಲರಿಗೂ ತಿಳಿಯುತ್ತದೆ, ಗೊತ್ತು. ಆರನೇ ನಿಯಮವೂ ಗೊತ್ತು, ಬೇರೆಯವರ ಎಣಿಕೆಗೆ ತನ್ನ ದಾರ ಕಟ್ಟಿದವಳನ್ನು ಪಟ್ಟಿಯ ಕೊನೆಗೆ ಇಳಿಸುತ್ತಾರೆ. ಮೂಲೆಯಕ್ಕ ಉಳಿದು ನಾನು ಮನೆಗೆ ಬರುತ್ತೇನೆ. ಆಗಲಿ ಬಿಡು, ನಿನ್ನೆ ಅವಳ ಬೆರಳು ಕೆಳಗಿಳಿಯುವುದನ್ನು ನೋಡಿ ಆಗಿದೆ. ಅಕ್ಕ ಏನು ಮಾಡುತ್ತಾಳೋ ಎಂದು ಈಗ ಹೊಸದಾಗಿ ಕನಿಕರ ಪಡಬೇಡ. ಮನೆ ಬದಲಾಯಿಸುವಾಗ ಪತ್ರಗಳು ಎಲ್ಲೋ ಕಳೆದುಹೋದವು ಎಂದು ಮಾತ್ರ ಬರೆಯಬೇಡ. ಪದಕ್ಕೆ ಪದ ಇಳಿಸಿದ್ದೀಯ, ಎದುರಿಗೆ ಹರವಿಕೊಂಡೇ ಬರೆದಿದ್ದೀಯ.